ಬಣ್ಣ ಹಚ್ಚದೆ ಉಳಿದ ಫೋಟೋ

ಇಂಥ ಸಂಗತಿಗಳನ್ನು ನಂಬುವ ಹೆಂಗಸು ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ದೃಷ್ಟಿ ತೆಗೆಯುತ್ತಾರೆ, ಆಮೇಲೆ ದವಾಖಾನೆಗೆ ಹೋಗುತ್ತಾರೆ. ನಾನು ಮೊದಲು ದವಾಖಾನೆಗೆ ಹೋಗುವವಳು. ಬಾಗಿಲಿಗೆ ಕಟ್ಟಲೆಂದು ನೆಗೆಣ್ಣಿ ಕೊಟ್ಟ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಿದವಳು. ಅದಕ್ಕೆ ಆಕೆ ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು. ಸತ್ತವರು ಬಂದರು, ಕನಸಿನಲ್ಲಿ ಹೇಳಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ. ಜೋಳದಲ್ಲಿ ಕಲ್ಲು ಇದ್ದರೆ ಕಲ್ಲು, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳ.

ಆದರೆ ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಕೈಯಿಂದಲೇ ಒಂದು ಕೆಲಸ ಆಯಿತು. ಹೇಗಾಯಿತೋ ಹಾಗೆ ಬರೆಯುತ್ತೇನೆ. ನಂಬಿರಿ ಎಂದು ಕೇಳುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನನ್ನ ತವರುಮನೆ ಯಾದಗಿರಿ. ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಫೋಟೋ ಸ್ಟುಡಿಯೋ ಇತ್ತು. ಮುಂದೆ ಗಾಜಿನ ಕಪಾಟು, ಅದರ ಹಿಂದೆ ಬೆಟ್ಟ ಮತ್ತು ಕೊಳ ಬರೆದ ಪರದೆ, ಪರದೆಯ ಹಿಂದೆ ಕತ್ತಲೆ ಕೋಣೆ, ಅದರ ಹಿಂದೆ ನಮ್ಮ ಅಡಿಗೆಮನೆ. ಸಾರಿನ ಒಗ್ಗರಣೆ ಸಿಡಿದರೆ ಫೋಟೋ ತೆಗೆಸಿಕೊಳ್ಳಲು ಕೂತವರು ಸೀನುತ್ತಿದ್ದರು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಅಪ್ಪ ಬಿಳಿ ಕಾಗದವನ್ನು ನೀರಿನಂಥ ಔಷಧದಲ್ಲಿ ಮೆಲ್ಲಗೆ ಅಲ್ಲಾಡಿಸುತ್ತಿದ್ದರೆ ನಾನು ಅವರ ಮೊಣಕೈಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಕಣ್ಣು ಬರುತ್ತಿದ್ದವು, ಆಮೇಲೆ ಕೂದಲು, ಎಲ್ಲದಕ್ಕೂ ಕೊನೆಗೆ ಕೆನ್ನೆ. ಇಲ್ಲದ ಮನುಷ್ಯರು ನೀರಿನೊಳಗಿಂದ ಎದ್ದು ಬಂದು ನಮ್ಮನ್ನು ನೋಡುತ್ತಿದ್ದರು. ದಿನಾ ನೋಡಿ ನೋಡಿ ಅದು ನನಗೆ ಹಾಲು ಉಕ್ಕಿದಷ್ಟೇ ಸಹಜವಾಗಿತ್ತು.

ಅಪ್ಪನಿಗೊಂದು ಹುಚ್ಚು ಇತ್ತು. ಯಾದಗಿರಿ ರೈಲಿನ ಊರು. ಹೊರಗಿನಿಂದ ಬಂದು ಇಲ್ಲೇ ನಿಂತವರು, ವ್ಯಾಪಾರಕ್ಕೆ ಬಂದು ಹೋಗುವವರು ಬಹಳ. ಅವರ ಮನೆಯ ಹೆಂಗಸರು ಫೋಟೋ ತೆಗೆಸಲು ಬಂದರೆ ಅಪ್ಪ ಅವತ್ತು ತೆಗೆಯುತ್ತಲೇ ಇರಲಿಲ್ಲ. "ನಿಮ್ಮೂರ ಉಡುಪು ಪೆಟ್ಟಿಗ್ಯಾಗ ಇಟ್ಟೀರಲ್ಲ, ಅದನ್ನ ಹಾಕ್ಕೊಂಡು ನಾಳಿ ಬರ್ರಿ. ಈ ಸೀರ್ಯಾಗ ಎಲ್ಲಾರೂ ಒಂದs ಕಾಣ್ತೀರಿ," ಎನ್ನುತ್ತಿದ್ದರು. ಕೆಲವರು ಬೈದು ಹೋಗುತ್ತಿದ್ದರು, ಬಹಳ ಮಂದಿ ಮರುದಿನ ಬರುತ್ತಿದ್ದರು. ಮಾರವಾಡಿ ಸೇಟಜಿಯ ಸೊಸೆ ಘಾಗ್ರಾ ಉಟ್ಟು ಬಂದಳು. ಸೆರಗು ಮಾತ್ರ ಮುಖದಿಂದ ತೆಗೆಯಲಿಲ್ಲ. ಅಪ್ಪ ಹಾಗೆಯೇ ತೆಗೆದರು. ಫೋಟೋ ನೋಡಿ ಆಕೆಯ ಅತ್ತೆ ಬಹಳ ಚಂದ ಬಂದದೆ ಎಂದು ಹೊಗಳಿದಳು. ಸಿಂಧನೂರಿನ ಕ್ಯಾಂಪಿನಿಂದ ಬಂದ ಬಂಗಾಲಿ ಹೆಂಗಸು ಶಂಖದ ಬಳೆ ಕಾಣುವಂತೆ ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡು ನಿಂತಳು. ಪ್ರತಿ ಚಳಿಗಾಲ ಮುಂಡಗೋಡದ ಕಡೆಯಿಂದ ಸ್ವೆಟರ್ ಮಾರಲು ಬರುವ ಟಿಬೆಟಿನ ಹೆಂಗಸರು ತಮ್ಮ ಉದ್ದನ್ನ ನಿಲುವಂಗಿ ತೊಟ್ಟು, ಅದರ ಮೇಲೆ ಸೊಂಟದಿಂದ ಮೊಣಕಾಲಿನ ಕೆಳಗಿನ ತನಕ ಇಳಿಬೀಳುವ ಪಟ್ಟಾಪಟ್ಟಿ ಉಣ್ಣೆಯ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದರು. ಅದಕ್ಕೆ ಅವರು ಪಾಂಗ್ದೆನ್ ಎನ್ನುತ್ತಾರೆ. ಲಗ್ನವಾದ ಹೆಂಗಸರು ಕಟ್ಟುವಂಥದು, ನಮ್ಮಲ್ಲಿ ತಾಳಿ ಇದ್ದ ಹಾಗೆ.

ಆಗ ನಮ್ಮಲ್ಲಿ ಕಪ್ಪು ಬಿಳುಪು ಫೋಟೋಗಳೇ. ಬಣ್ಣ ಬೇಕು ಎಂದವರಿಗೆ ಕೈಯಿಂದ ಹಚ್ಚಿ ಕೊಡಬೇಕಾಗಿತ್ತು. ಆ ಕೆಲಸ ನನ್ನದು. ಬೆರಳುದ್ದದ ಪುಸ್ತಕ ಬರುತ್ತಿತ್ತು, ಒಂದೊಂದು ಹಾಳೆಗೆ ಒಂದೊಂದು ಬಣ್ಣ. ಚೂರು ಹರಿದು ಬಸಿಯ ನೀರಿನಲ್ಲಿ ಹಾಕಿದರೆ ಬಣ್ಣ ಬಿಡುತ್ತಿತ್ತು. ಕಸಬರಿಗೆಯ ಕಡ್ಡಿಗೆ ಹತ್ತಿ ಸುತ್ತಿ ಅದ್ದಿ ಹಚ್ಚುವುದು. ಸೀರೆ ಯಾವ ಬಣ್ಣ, ಅಂಚು ಯಾವ ಬಣ್ಣ ಎಂದು ಅಪ್ಪ ಗಿರಾಕಿಯನ್ನು ಕೇಳಿ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಇಡುತ್ತಿದ್ದರು. ಅವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ, ಚೀಟಿಯೆಲ್ಲ ಉರ್ದುವಿನಲ್ಲಿ. ನನಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವರು ನನ್ನ ಬೆನ್ನ ಹಿಂದೆ ನಿಂತು ಓದಬೇಕು, ನಾನು ಹಚ್ಚಬೇಕು. "ಸೆರಗು ಲಾಲ್," ಎನ್ನುತ್ತಿದ್ದರು. ಸೆರಗು ಮುಗಿದ ಮೇಲೆ ನಾನು ತಲೆ ಎತ್ತದೆ "ಮುಂದ?" ಎನ್ನುತ್ತಿದ್ದೆ. "ಅಂಚು ಹಸಿರು." "ಮುಂದ?" ಹೀಗೆ ಸಂಜೆಯ ತನಕ.

ಒಂದು ಬಣ್ಣವನ್ನು ಮಾತ್ರ ನಾನು ಕೇಳುತ್ತಿರಲಿಲ್ಲ. ಹೆಂಗಸಿನ ಫೋಟೋ ಎಂದರೆ ಮೊದಲು ಹಣೆಗೆ ಕುಂಕುಮ ಇಟ್ಟೇ ಶುರು ಮಾಡುವುದು. ಯಾರೂ ಕಲಿಸಿರಲಿಲ್ಲ; ಬರಿ ಹಣೆಯ ಹೆಂಗಸನ್ನು ನೋಡಿದರೆ ಕೈ ತಾನೇ ಹೋಗುತ್ತಿತ್ತು. ಬಂಗಾಲಿಯರಿಗೆ ಸರಿಹೋಯಿತು, ಮಾರವಾಡಿಯವರಿಗೂ ನಡೆಯಿತು. ಟಿಬೆಟಿನ ಹೆಂಗಸರಿಗೂ ಇಟ್ಟೆ. ಅವರು ಏನೂ ಅನ್ನದೆ ಒಯ್ದರು. ಅವರಲ್ಲಿ ಕುಂಕುಮ ಇಡುವ ಪದ್ಧತಿ ಇಲ್ಲವೆಂದು ಅಪ್ಪನಿಗೆ ತಿಳಿದಾಗ ತಡವಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಅಣ್ಣ ಅದೇ ಜಾಗದಲ್ಲಿ ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ ಅಂಗಡಿ ಇಟ್ಟ. ಹಳೆಯ ಲಕೋಟೆಗಳನ್ನು ಅವನ ಹೆಂಡತಿ, ನಮ್ಮ ವೈನಿ, ಗುಜರಿಗೆ ಹಾಕುತ್ತಾಳೆಂದು ಗೊತ್ತಾಗಿ ನಾನು ಎರಡು ಟ್ರಂಕುಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಭೀಮಾ ನದಿ ದಾಟಿಸಿ ಶಹಾಪುರಕ್ಕೆ ತಂದೆ. ಅಟ್ಟದ ಮೇಲೆ ಇಟ್ಟು ಮರೆತೇಬಿಟ್ಟೆ.

ಏಳು ವರ್ಷದ ಹಿಂದೆ, ಎಳ್ಳಮಾವಾಸ್ಯೆ ಮುಗಿದು ಸಂಕ್ರಾಂತಿಗೆ ವಾರವಿರುವಾಗ, ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ನಲವತ್ತರ ಹತ್ತಿರದವಳು, ದುಂಡು ಮುಖ, ಜೀನ್ಸ್ ಪ್ಯಾಂಟಿನ ಮೇಲೆ ಗಂಡಸರ ಸ್ವೆಟರ್. ಹೆಸರು ಪೇಮಾ. ಆ ಸಲ ಯಾದಗಿರಿಯಲ್ಲಿ ಸ್ವೆಟರ್ ಅಂಗಡಿ ಹಾಕಿದ್ದಳು. ಅಣ್ಣನ ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ಬಸ್ಸು ಹತ್ತಿದ್ದಳು.

"ಫೋಟೋಕ್ಕ ಬಣ್ಣ ಹಚ್ಚತಿದ್ದ ಹುಡುಗಿ ನೀವs ಏನ್ರಿ?" ಎಂದಳು.

ಐವತ್ತು ದಾಟಿದ ನನ್ನನ್ನು ಹುಡುಗಿ ಎಂದದ್ದಕ್ಕೆ ಒಳಗೆ ಊಟಕ್ಕೆ ಕೂತಿದ್ದ ನಮ್ಮ ಮನೆಯವರು ಜೋರಾಗಿ ನಕ್ಕರು. "ಹೌದವ್ವಾ, ಅದs ಹುಡುಗಿ. ಕೂದಲಿಗಿ ಬಣ್ಣ ಹಚ್ಚೋದು ಮಾತ್ರ ಮರ್ತಾಳ," ಎಂದು ಕೂಗಿದರು.

ಪೇಮಾ ನೆಲದ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದಳು: "ನಮ್ಮ ಕ್ಯಾಂಪಿನ್ಯಾಗ ಮೂರು ಮನ್ಯಾಗ ನಿಮ್ಮ ಸ್ಟುಡಿಯೋ ಫೋಟೋ ಅದಾವ್ರಿ ಅಕ್ಕಾ, ಹಿಂದ ಶಿಕ್ಕಾ ಐತಿ. ಮೂರೂ ಮುದುಕೇರ ಹಣಿಮ್ಯಾಲ ಕುಂಕುಮ! ನಮ್ಮವ್ವ ನೋಡಿದಾಗೊಮ್ಮೆ ಬಿದ್ದು ಬಿದ್ದು ನಗತಿದ್ಲು."

ನನಗೆ ನಾಚಿಕೆಯಾಯಿತು. ಆಕೆ ತನ್ನ ಕಥೆ ಹೇಳಿದಳು. ಆಕೆಯ ತಾಯಿಯೂ ಒಂದು ಚಳಿಗಾಲ ನಮ್ಮಲ್ಲಿ ಫೋಟೋ ತೆಗೆಸಿದ್ದಳು. ಮುಂದಿನ ವರ್ಷ ಬಂದು ಒಯ್ಯುತ್ತೇನೆ ಎಂದು ಹೋದಳು. ಮುಂದಿನ ವರ್ಷ ಪೇಮಾ ಹೊಟ್ಟೆಯಲ್ಲಿದ್ದಳು. ಅದರ ಮುಂದಿನ ವರ್ಷದಿಂದ ಅವರು ಅಂಗಡಿಯನ್ನು ಪುಣೆಯ ಕಡೆ ಹಾಕಲು ಶುರು ಮಾಡಿದರು. ಫೋಟೋ ಇಲ್ಲೇ ಉಳಿಯಿತು. "ನಾ ಇಲ್ಲಿ ಮುದುಕಿ ಆದೆ, ಯಾದಗಿರ್ಯಾಗ ಇನ್ನೂ ಹರೇದಾಕಿ ಅದೀನಿ," ಎಂದು ತಾಯಿ ಸಾಯುವ ತನಕ ಚೇಷ್ಟೆ ಮಾಡುತ್ತಿದ್ದಳಂತೆ. ತೀರಿಕೊಂಡು ಎರಡು ವರ್ಷವಾಗಿತ್ತು.

ಈಗ ಪೇಮಾಳ ಮಗಳಿಗೆ ಮದುವೆ ಗೊತ್ತಾಗಿತ್ತು, ಅವರ ಹೊಸ ವರ್ಷವಾದ ಮೇಲೆ. ಮದುವೆಯ ದಿನ ಕಟ್ಟಿಕೊಳ್ಳಲು ಹುಡುಗಿಗೆ ಅಜ್ಜಿಯ ಪಾಂಗ್ದೆನ್‌ನಂಥದ್ದೇ ಬೇಕು. ಅದು ಟಿಬೆಟಿನಲ್ಲಿ ಪೇಮಾಳ ತಾಯಿಯ ತಾಯಿ ತನ್ನ ಮಗ್ಗದಲ್ಲಿ ನೇಯ್ದುಕೊಟ್ಟದ್ದು. ಬೆಟ್ಟ ದಾಟಿ ನಡೆದು ಬರುವಾಗ ತಾಯಿಯ ಜೊತೆ ಬಂದ ಒಂದೇ ವಸ್ತು. ಪೇಮಾ ಎಂಟು ವರ್ಷದವಳಿದ್ದಾಗ ಮನೆಗೆ ಬೆಂಕಿ ಬಿದ್ದು ಅದು ಸುಟ್ಟುಹೋಯಿತು.

"ನೇಯಾಕಿ ಅದಾಳ, ಉಣ್ಣಿ ಐತಿ. ಬಣ್ಣದ ವರಸಿ ಗೊತ್ತಿಲ್ರಿ. ಯಾವ ಗೆರಿ ಆದಮ್ಯಾಲ ಯಾವ ಗೆರಿ? ಅಂಗಡ್ಯಾಗ ಬೇಕಾದಷ್ಟು ಸಿಗತಾವ, ನನ್ನ ಮಗಳು ಒಲ್ಲೆ ಅಂತಾಳ. ಅಜ್ಜಿದು ಆದ್ರ ಕಟ್ಟತೀನಿ, ಇಲ್ಲಾಂದ್ರ ಬರಿ ನಿಲುವಂಗ್ಯಾಗ ನಿಂದರತೀನಿ ಅಂತ ಹಟ ಹಿಡದಾಳ." ಹಿಮಾಚಲದಲ್ಲಿರುವ ಚಿಕ್ಕಮ್ಮನಿಗೆ ಫೋನು ಹಚ್ಚಿ ಕೇಳಿದ್ದಳು. ಅಕ್ಕನಿಗೆ ಅದನ್ನು ನೇಯುವಾಗ ತನಗೆ ಐದು ವರ್ಷ, ಕೆಂಪು ಇತ್ತು ಹಸಿರು ಇತ್ತು, ವರಸೆ ನೆನಪಿಲ್ಲ ಎಂದಳಂತೆ.

ಆಕೆ ಯಾದಗಿರಿಗೆ ವಾಪಸು ಹೋದ ಮೇಲೆ ಟ್ರಂಕು ಇಳಿಸಿದೆ. ಎರಡು ದಿನ ಹುಡುಕಿದೆ. ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು ಬಿಟ್ಟರೆ ಅದೇ ಕೆಲಸ. ಸತ್ತ ಎಷ್ಟೋ ಮಂದಿ ಲಕೋಟೆಯೊಳಗಿಂದ ಹೊರಬಂದರು, ಮತ್ತೆ ಒಳಗೆ ಹೋದರು. ಮೂರನೆಯ ದಿನ ಮುಂಜಾನೆ ಪೇಮಾಳ ತಾಯಿ ಸಿಕ್ಕಳು, ಮಗಳದೇ ದುಂಡು ಮುಖ. ನೆಗೆಟಿವ್ ಸಂಗಡ ದೊಡ್ಡ ಅಳತೆಯ ಒಂದು ಪ್ರತಿಯೂ ಇತ್ತು, ಅಪ್ಪ ಬಣ್ಣಕ್ಕೆಂದು ತೊಳೆದಿಟ್ಟದ್ದು. ಅಂಥ ಕಾಗದ ಈಗ ಎಲ್ಲೂ ಸಿಗುವುದಿಲ್ಲ. ಕೊಳ ಬರೆದ ನಮ್ಮ ಪರದೆಯ ಮುಂದೆ ನೆಟ್ಟಗೆ ನಿಂತಿದ್ದಾಳೆ, ಎರಡು ಜಡೆ, ಬಾಯಿ ಮುಚ್ಚಿ ನಗು ತಡೆದುಕೊಂಡ ಮುಖ. ಸೊಂಟದಿಂದ ಕೆಳಗೆ ಪಾಂಗ್ದೆನ್. ಮೂರು ಉದ್ದನೆಯ ತುಂಡುಗಳನ್ನು ಪಕ್ಕ ಪಕ್ಕ ಹೊಲಿದದ್ದು, ಒಂದೊಂದು ತುಂಡಿನಲ್ಲಿ ಇಪ್ಪತ್ತರ ಮೇಲೆ ಅಡ್ಡ ಗೆರೆ. ಎಲ್ಲವೂ ಬೂದಿ ಬಣ್ಣ. ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ನೀಲಿಯೂ ಒಂದೇ ಬೂದಿ. ಯಾವ ಭೂತಗನ್ನಡಿಯೂ ಅದನ್ನು ಬಿಡಿಸಿ ಹೇಳುವುದಿಲ್ಲ.

ಲಕೋಟೆಯಲ್ಲಿ ಅಪ್ಪನ ಚೀಟಿ ಇತ್ತು. ಉರ್ದು. ಓದಲು ಬರುವವರೆಂದರೆ ನಮ್ಮ ಓಣಿಯ ಮುದುಕ ದರ್ಜಿ ಖಾದರಸಾಬರು. ಅವರು ಸುರಪುರಕ್ಕೆ ಮೊಮ್ಮಗಳ ನಿಕಾಹಕ್ಕೆ ಹೋಗಿದ್ದರು, ಎರಡು ದಿನಕ್ಕೆ ಬರುವವರು. ಪೇಮಾಳಿಗೆ ಫೋನು ಹಚ್ಚಿ ಹೇಳಿದೆ. ಮರುಬಸ್ಸಿಗೆ ಬಂದಳು. ತಾಯಿಯ ಫೋಟೋ ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾಳಿಗೆಯ ಮೇಲೆ ನಿಂತಿದ್ದಳು. ಅಲ್ಲಿಂದ ನಮ್ಮೂರ ಬೆಟ್ಟ, ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಕೆಳಗಿಳಿದು ಬಂದು, "ಅಂದಾಜಿಗಿ ಹಚ್ಚಿಬಿಡ್ರಿ ಅಕ್ಕಾ. ಸಂಕ್ರಾಂತಿ ಮರುದಿನ ನಾವು ಗಂಟು ಕಟ್ಟತೀವಿ. ಆಕಿಗಿ ನೇಯಾಕ ಒಂದು ತಿಂಗಳರ ಬೇಕು," ಎಂದಳು.

"ಬ್ಯಾಡ ತಂಗಿ," ಎಂದೆ. "ಮದಿವಿ ಹುಡುಗಿ ಮೈಮ್ಯಾಲ ನನ್ನ ಅಂದಾಜು ಹಾಕೂದು ಬ್ಯಾಡ. ಒಮ್ಮೆ ಕುಂಕುಮ ಇಟ್ಟು ಕೆಡಸೀನಿ, ಸಾಕು. ಇರೂದೊಂದs ಪ್ರತಿ. ಚೀಟಿ ಓದಸ್ತೀನಿ, ಅಪ್ಪ ಬರದಂಗ ಹಚ್ತೀನಿ."

ಮರುದಿನ ಮಧ್ಯಾಹ್ನದ ಮಾತು. ನಮ್ಮ ಮನೆಯವರು ಉಂಡು ಆಫೀಸಿಗೆ ಹೋದರು. ಭಾಂಡೆ ತಿಕ್ಕಿ ಡಬ್ಬು ಹಾಕಿದೆ. ಮೂರು ಗಂಟೆಗೆ ನಳ ಬರುವ ದಿನ, ಪೈಪು ಹಚ್ಚಿ ತೊಟ್ಟಿಗೆ ಬಿಟ್ಟಿದ್ದೆ. ಆಗ ಒಂದೂವರೆ. ಖಾಲಿ ಕೂಡುವುದೇಕೆ, ಮುಖಕ್ಕಾದರೂ ಬಣ್ಣ ಹಚ್ಚಿಡೋಣ ಎಂದುಕೊಂಡೆ. ಮುಖಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಟ್ರಂಕಿನ ತಳದಲ್ಲಿದ್ದ ಬಣ್ಣದ ಪುಸ್ತಕ ತೆಗೆದೆ. ನಲವತ್ತು ವರ್ಷದ ಹಾಳೆ ನೀರು ಮುಟ್ಟಿದ ಕೂಡಲೇ ನಿನ್ನೆಯದೆಂಬಂತೆ ಬಣ್ಣ ಬಿಟ್ಟಿತು. ಪಡಸಾಲೆಯ ಬಾಗಿಲ ಬಳಿ ಬಿಸಿಲು ಬೀಳುವಲ್ಲಿ ರೊಟ್ಟಿಯ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ ಬೋರಲು ಹಾಕಿ, ಅದರ ಮೇಲೆ ಫೋಟೋ ಇಟ್ಟು ಕೂತೆ. ಪುಷ್ಯ ಮಾಸದ ಬಿಸಿಲು, ಬೆನ್ನಿಗೆ ಕಂಬಳಿ ಹೊದಿಸಿದ ಹಾಗಿತ್ತು. ಎಲ್ಲೋ ಒಂದು ಮನೆಯಲ್ಲಿ ತಡವಾಗಿ ರೊಟ್ಟಿ ಬಡಿಯುವ ಸಪ್ಪಳ.

ಕೆನ್ನೆಗೆ ತೆಳುವಾಗಿ ಕೆಂಪು ಒತ್ತಿದೆ. ತುಟಿಗೆ ಇನ್ನೊಂದು ಸುತ್ತು. ಕಿವಿಯ ಹರಳಿಗೆ ಒಂದು ಹನಿ. ಮುಖ ಮುಗಿಯಿತು. ತಲೆ ಎತ್ತದೆ "ಮುಂದ?" ಎಂದೆ. ಬರೀ ಹಳೆಯ ರೂಢಿ.

ಇಲ್ಲಿಂದ ಮುಂದಿನದನ್ನು ಹೇಳುವುದು ಕಷ್ಟ. ಯಾವ ದನಿಯೂ ಕೇಳಲಿಲ್ಲ. ಯಾರೂ ಕಾಣಲಿಲ್ಲ. "ಮುಂದ?" ಎಂದ ಮೇಲೆ ಮುಂದಿನದು ಗೊತ್ತಿತ್ತು, ಅಷ್ಟೇ. ಹಿಟ್ಟು ನಾದುವಾಗ ಇನ್ನು ನೀರು ಸಾಕು ಎಂದು ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ಕಡ್ಡಿ ಬಸಿಗೆ ಹೋಗುತ್ತಿತ್ತು, ಬಣ್ಣ ತರುತ್ತಿತ್ತು. ನೋಡ ನೋಡುತ್ತ ಗೆರೆಗಳು ಅಗಲವಾದವು. ಒಂದೊಂದು ಗೆರೆ ಒಂದೊಂದು ಹೊಲದಷ್ಟಾಯಿತು, ದೋರನಹಳ್ಳಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಜೋಳ, ತೊಗರಿ, ಒಣಹಾಕಿದ ಮೆಣಸಿನಕಾಯಿ ಸಾಲಾಗಿ ಕಾಣುವ ಹಾಗೆ. ನಾನು ಬದುವಿನ ಮೇಲೆ ನಡೆಯುತ್ತಿದ್ದೆ. ನನ್ನ ಮುಂದೆ ಯಾರೋ ನಡೆಯುತ್ತಿದ್ದಾರೆ ಎಂಬ ಧೈರ್ಯವಿತ್ತು. ಕತ್ತೆತ್ತಿ ನೋಡಬೇಕೆಂದು ಮಾತ್ರ ಅನಿಸಲೇ ಇಲ್ಲ. ಪಾದ ತಣ್ಣಗಿದ್ದವು. ಬಿಸಿಲಲ್ಲಿ ಕೂತಿದ್ದೇನೆ, ಪಾದ ಏಕೆ ಇಷ್ಟು ತಣ್ಣಗೆ ಎಂದು ಒಮ್ಮೆ ಅಂದುಕೊಂಡದ್ದು ನೆನಪಿದೆ. ದುಃಖವಿರಲಿಲ್ಲ, ಹೆದರಿಕೆ ಇರಲಿಲ್ಲ. ಯಾರದೋ ತೊಡೆಯ ಮೇಲೆ ತಲೆಯಿಟ್ಟು ಮಲಗಿದಂಥ ನಿಶ್ಚಿಂತೆ ಇತ್ತು.

ಹೆಗಲು ಹಿಡಿದು ಅಲ್ಲಾಡಿಸಿದವಳು ಮಗ್ಗುಲ ಮನೆಯ ಮಲ್ಲಮ್ಮ. ಅವಳ ಸೀರೆಯ ನಿರಿಗೆ ಮೊಣಕಾಲಿನ ತನಕ ತೋಯ್ದಿತ್ತು.

"ಏನs ಯವ್ವಾ! ನಿಮ್ಮ ನಳದ ನೀರು ಓಣಿ ತುಂಬ ಹರದು ನಮ್ಮ ಹೊಸ್ತಿಲಿಗಿ ಬಂದಾವ, ನೀ ಇಲ್ಲಿ ಹೋಳಿ ಆಡಾಕತ್ತಿದಿ? ನಳ ಬಂದ್ ಮಾಡಿ ಬಂದೀನಿ. ಯಾರ ಕೂಡ ಮಾತಾಡಾಕತ್ತಿದ್ದಿ? ಬೀಗರು ಬಂದಾರಂತ ಮಾಡಿದ್ದೆ."

"ನಾ ಎಲ್ಲಿ ಮಾತಾಡೀನಿ?"

"ಒಂದs ಸವನಿ 'ಮುಂದ', 'ಮುಂದ' ಅನ್ನಾಕತ್ತಿದ್ದಿ. ಒಮ್ಮೆ ಅನ್ನಾಕಿ, ಸುಮ್ಮಾಗಾಕಿ. ಮತ್ತೊಮ್ಮೆ ಅನ್ನಾಕಿ. ಒಳಗಿನವರು ಏನಂದ್ರೋ ನನಗ ಕೇಳಿಸ್ಲಿಲ್ಲ."

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಬಿಸಿಲು ನನ್ನನ್ನು ಬಿಟ್ಟು ಎದುರಿನ ಗೋಡೆ ಏರಿತ್ತು. ತೊಟ್ಟಿ ತುಂಬಿ ಹೊರಗೆ ಹರಿದ ಸಪ್ಪಳ ನನ್ನ ಕಿವಿಗೆ ಬಿದ್ದಿರಲಿಲ್ಲ. ಫೋಟೋ ನೋಡಿದೆ. ಮೂರೂ ತುಂಡು ಮುಗಿದಿದ್ದವು. ಒಂದು ಗೆರೆಯ ಬಣ್ಣವೂ ಪಕ್ಕದ್ದಕ್ಕೆ ಸೇರಿರಲಿಲ್ಲ. ಈ ಕಣ್ಣಿನಲ್ಲಿ, ಈ ವಯಸ್ಸಿನಲ್ಲಿ, ಕನ್ನಡಕವಿಲ್ಲದೆ. ಹಣೆ ಮಾತ್ರ ಬರಿದಾಗಿತ್ತು. ನನ್ನ ಕೈ ಜನ್ಮದಲ್ಲಿ ಮೊದಲ ಸಲ ಒಬ್ಬ ಹೆಂಗಸಿಗೆ ಕುಂಕುಮ ಇಡದೆ ಬಿಟ್ಟಿತ್ತು.

ಆಗ ಹೆದರಿಕೆ ಬಂತು. ದೆವ್ವದ ಹೆದರಿಕೆಯಲ್ಲ. ಇದ್ದ ಒಂದೇ ಪ್ರತಿಯನ್ನು ನಿದ್ದೆಗಣ್ಣಿನಲ್ಲಿ ಅಂದಾಜಿಗೆ ಬಳಿದು ಹಾಳು ಮಾಡಿದೆನಲ್ಲ ಎಂಬ ಹೆದರಿಕೆ. ಆ ಹುಡುಗಿಗೆ ಈಗ ಏನು ಹೇಳಲಿ? ಹೊಂದಿಸಿ ನೋಡಿದರೆ ಮೂರೂ ತುಂಡುಗಳಲ್ಲಿ ವರಸೆ ಒಂದೇ ಇತ್ತು. ಮೂರನೆಯ ತುಂಡಿನ ಕೆಳಗಡೆ ಒಂದು ಗೆರೆ ಮಾತ್ರ ಹಸಿರಾಗುವ ಬದಲು ನೀಲಿಯಾಗಿತ್ತು. ಅದೊಂದು ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು.

ಮರುದಿನ ಖಾದರಸಾಬರು ಬಂದರು. ಚೀಟಿ ಒಯ್ದು ಕೊಟ್ಟೆ. ಅಪ್ಪನ ಚೀಟಿಯಲ್ಲಿ ಇದೇ ವರಸೆ ಇದ್ದರೆ, ಎಂದೋ ಅಪ್ಪ ಓದಿ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತು ಎಂದುಕೊಂಡು ಸುಮ್ಮನಾಗಬಹುದಾಗಿತ್ತು. ಅವರು ಕನ್ನಡಕ ಏರಿಸಿ ಓದಿದರು. "ಟಿಬೆಟ್‌ವಾಲಿ, ಸ್ವೆಟರ್ ದುಕಾನ್. ಬಣ್ಣ ಕೇಳಬೇಕು ಅಂತ ಬರದಾರವ್ವ. ಅಷ್ಟs ಅದ," ಎಂದರು. ಚೀಟಿ ತಿರುಗಿಸಿ ನೋಡಿದರು. ಹಿಂದೆ ಖಾಲಿ. ಅಪ್ಪನಿಗೂ ಆ ಬಣ್ಣಗಳು ಗೊತ್ತಿರಲಿಲ್ಲ.

ಪೇಮಾ ಬಂದಾಗ ನಾನು ಏನೂ ಮುಚ್ಚಿಡಲಿಲ್ಲ. ಚೀಟಿಯಲ್ಲಿ ಏನಿತ್ತೆಂದು ಹೇಳಿದೆ, ನಳದ ನೀರು ಹರಿದದ್ದನ್ನೂ ಹೇಳಿದೆ. "ಯಾರೂ ಹೇಳಿದ್ದಲ್ಲ ತಂಗಿ. ನಂಬಬ್ಯಾಡ," ಎಂದು ಫೋಟೋ ಮುಂದಿಟ್ಟೆ. ಆಕೆ ನೋಡಿದಳು. ನೋಡುತ್ತ ನೋಡುತ್ತ ಮೆಲ್ಲಗೆ ಬಗ್ಗಿ, ಫೋಟೋದ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿದಳು. ಸಣ್ಣವಳಿದ್ದಾಗ ತಾಯಿಯ ತೊಡೆಯ ಮೇಲೆ ಹೀಗೇ ಮಲಗುತ್ತಿದ್ದಳಂತೆ. ಮೂಗಿನ ಹತ್ತಿರ ಕೆಂಪು, ಅದರಾಚೆ ಹಸಿರು, ಅದರಾಚೆ ಸಣ್ಣ ಬಿಳಿ. "ಐತ್ರಿ," ಎಂದಳು. "ಹಿಂಗs ಇತ್ತು."

ಆಮೇಲೆ ಎದ್ದು ಕೂತು, ಕಣ್ಣೊರೆಸಿಕೊಂಡು, ವ್ಯಾಪಾರದವಳ ಕಣ್ಣಿನಿಂದ ಒಂದೊಂದೇ ಗೆರೆ ಎಣಿಸಿದಳು. ಮೂರನೆಯ ತುಂಡಿಗೆ ಬಂದು ನಿಂತಳು. "ಇದೊಂದು ತಪ್ಪೈತಿ ಅಕ್ಕಾ. ಇಲ್ಲಿ ನೀಲಿ ಹೆಂಗ ಬರತೈತಿ?"

ಒದ್ದೆ ಹತ್ತಿಯಿಂದ ಒರೆಸಿ ಹಸಿರು ಮಾಡುತ್ತೇನೆ ಎಂದು ಕೈ ಹಾಕಿದೆ. ಆಕೆ ನನ್ನ ಮುಂಗೈ ಹಿಡಿದಳು. "ಇರಲಿ ಬಿಡ್ರಿ, ಉಳಿದದ್ದು ಕೆಟ್ಟೀತು. ನೇಯಾಕಿಗಿ ಅಲ್ಲಿ ಹಸಿರು ಹಾಕಂತ ನಾ ಹೇಳತೀನಿ." ಫೋಟೋವನ್ನು ಎರಡು ಸ್ವೆಟರ್‌ಗಳ ನಡುವೆ ಇಟ್ಟು ಒಯ್ದಳು. ನಮ್ಮ ಮನೆಯವರಿಗೆ ಒಂದು ಮಂಕಿಕ್ಯಾಪ್ ಕೊಟ್ಟು ಹೋದಳು. ಅವರು ಅದನ್ನು ಬೇಸಿಗೆಯ ತನಕ ಹಾಕಿಕೊಂಡರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ತಪ್ಪಿದ್ದರೆ ಹತ್ತು ಇರಲಾರವೇ? ತಾಯಿ ಬೇಕು ಎಂಬ ಆಸೆಗೆ ಆಕೆ ನನ್ನ ಅಂದಾಜನ್ನೇ ತಾಯಿ ಎಂದುಕೊಂಡಳೇನೋ. ಆ ಹುಡುಗಿ ಮದುವೆಯಲ್ಲಿ ನನ್ನ ನಿದ್ದೆಯನ್ನು ಕಟ್ಟಿಕೊಂಡು ನಿಲ್ಲುತ್ತಾಳೆ. ರೊಟ್ಟಿ ಬಡಿಯುವಾಗ, ನೀರು ತುಂಬುವಾಗ ಇದೇ ಯೋಚನೆ.

ಶಿವರಾತ್ರಿಯಾಗಿ ಒಂದು ವಾರಕ್ಕೆ, ಮುಂಜಾನೆ, ಒಲೆಯ ಮುಂದಿರುವಾಗ ಪೇಮಾಳ ಫೋನು ಬಂತು. ಮದುವೆ ಆಗಿತ್ತು. ಆಕೆ ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ.

ಮದುವೆಯ ಹಿಂದಿನ ದಿನ ಹಿಮಾಚಲದಿಂದ ಚಿಕ್ಕಮ್ಮ ಬಂದಿದ್ದಳು. ಹೊಸ ಪಾಂಗ್ದೆನ್ ಕಟ್ಟಿಕೊಂಡು ಹುಡುಗಿ ಎದುರಿಗೆ ನಿಂತಾಗ ಮುದುಕಿ ಬಹಳ ಹೊತ್ತು ನೋಡಿ, ಅದರ ಕೆಳಗಿನ ಮೂಲೆಯನ್ನು ಕೈಯಲ್ಲಿ ಹಿಡಿದು ಕೇಳಿದಳಂತೆ: "ಎಲ್ಲಾ ಬರೋಬ್ಬರಿ ಐತಿ. ನನ್ನ ಟೊಪ್ಪಿಗಿ ಎಲ್ಲಿ?"

ವಯಸ್ಸಾಗಿದೆ, ಏನೋ ಒಂದು ಮಾತಾಡುತ್ತಾಳೆ ಎಂದುಕೊಂಡರು. ಮುದುಕಿ ಬಿಡಲಿಲ್ಲ. ನೋಡಿದ ಮೇಲೆ ಎಲ್ಲ ನೆನಪಾಗಿತ್ತು. ಮೂರನೆಯ ತುಂಡು ಮುಗಿಯುತ್ತ ಬಂದಾಗ ಹಸಿರು ಉಣ್ಣೆ ಸಾಲದಾಯಿತು. ಮತ್ತೆ ಉಣ್ಣೆಗೆ ಬಣ್ಣ ಹಾಕಲು ಹೊತ್ತಿರಲಿಲ್ಲ. ಅವರ ತಾಯಿ ಸಣ್ಣ ಮಗಳ ತಲೆಯ ಮೇಲಿನ ನೀಲಿ ಉಣ್ಣೆಯ ಟೊಪ್ಪಿಗೆ ತೆಗೆದು, ಬಿಚ್ಚಿ, ಆ ಎಳೆಯಿಂದ ಒಂದು ಗೆರೆ ನೇಯ್ದಳು. ಐದು ವರ್ಷದ ಹುಡುಗಿ ಟೊಪ್ಪಿಗೆಗಾಗಿ ರಾತ್ರಿಯೆಲ್ಲ ಅತ್ತಳು. ಪೇಮಾ ಎದ್ದು ಹೋಗಿ ಪೆಟ್ಟಿಗೆಯಿಂದ ನನ್ನ ಫೋಟೋ ತಂದು ತೋರಿಸಿದಳು. ಮುದುಕಿ ನೀಲಿ ಗೆರೆಯ ಮೇಲೆ ಬೆರಳಿಟ್ಟಳು.

ಅವತ್ತು ರಾತ್ರಿ ಅವರು ಮಾರದೆ ಉಳಿದಿದ್ದ ಒಂದು ಸಣ್ಣ ಮಕ್ಕಳ ನೀಲಿ ಸ್ವೆಟರ್ ಬಿಚ್ಚಿದರಂತೆ. ಮುದುಕಿಯೇ ಸೂಜಿ ಹಿಡಿದು ಹಸಿರಿನ ಮೇಲೆ ನೀಲಿ ಎಳೆ ಹಾಕಿದಳು. ಬೆಳಗಿನ ತನಕ ಕೂತು ಮುಗಿಸಿದಳು. ಹುಡುಗಿ ಅದನ್ನೇ ಕಟ್ಟಿಕೊಂಡು ಮದುವೆಯಾದಳು.

ನಾನು ಬಿಡದೆ ಯೋಚಿಸಿದ್ದೇನೆ. ಆ ಹೆಂಗಸು ಫೋಟೋಕ್ಕೆ ಬಂದ ದಿನ ನಾನು ಪರದೆಯ ಹಿಂದಿನಿಂದ ಇಣುಕಿ ನೋಡಿರಬಹುದು. ಆಗ ನನಗೆ ಹನ್ನೆರಡು. ನೋಡಿಲ್ಲ ಎಂದು ಆಣೆ ಮಾಡಲಾರೆ. ಆದರೆ ಮೊನ್ನೆ ಏನು ಪಲ್ಯ ಮಾಡಿದ್ದೆ ಎಂದು ನೆನಪಿಲ್ಲದವಳ ತಲೆಯಲ್ಲಿ ಅರವತ್ತು ಗೆರೆ ನಲವತ್ತು ವರ್ಷ ಸಾಲು ತಪ್ಪದೆ ಕೂತಿದ್ದವೇ? ಕೂತಿದ್ದರೆ ಅದೇನು ಕಡಿಮೆ ವಿಚಿತ್ರವೇ? ನಮ್ಮ ಮನೆಯವರು ಮಾತ್ರ, "ಮಾಡೋ ಕೆಲಸಾನ ಮನಸಿಟ್ಟು ಮಾಡಿದಿ, ಬರೋಬ್ಬರಿ ಬಂತು. ಇದ್ರಾಗ ಏನದ?" ಎನ್ನುತ್ತಾರೆ. ಮೊದಲಿನ ನಾನಾಗಿದ್ದರೆ ಅದನ್ನೇ ಅನ್ನುತ್ತಿದ್ದೆ.

ಅವತ್ತು ಫೋನು ಇಡುವ ಮೊದಲು ಪೇಮಾ ಹೇಳಿದಳು: "ಅಕ್ಕಾ, ಸಣ್ಣವ್ವ ನಿಮಗ ಒಂದು ಮಾತು ಕೇಳು ಅಂದಾಳ."

"ಏನಂತ?"

"ಟೊಪ್ಪಿಗಿ ಬಿಚ್ಚಿದ ದಿನ ಮನ್ಯಾಗ ಇದ್ದವರು ಮೂರs ಮಂದಿ ಅಂತ. ಅವರವ್ವ, ನಮ್ಮವ್ವ, ಆಕಿ. ಮೂರs. ಆ ಬಣ್ಣದ ಹುಡುಗಿ ಅವತ್ತು ಎಲ್ಲಿ ಕುಂತಿದ್ಲು ಕೇಳು, ಅಂದಾಳ."

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಿ ಹಾಕಿ ಹೇಳುತ್ತೇನೆ ಎಂದೆ. ಏಳು ವರ್ಷವಾಯಿತು. ಪೇಮಾ ಚಳಿಗಾಲಕ್ಕೊಮ್ಮೆ ಬಂದು ಕೇಳಿಕೊಂಡು ಹೋಗುತ್ತಾಳೆ, ಮುದುಕಿ ಅಲ್ಲಿ ಇನ್ನೂ ಕಾಯುತ್ತಿದ್ದಾಳಂತೆ. ನಾನಿನ್ನೂ ಹೇಳಿ ಕಳಿಸಿಲ್ಲ.